ಫರೋಹನ ಮಾತು ನಮ್ಮ ಬಾಯಲ್ಲಿ

ನಮ್ಮ ಕೋಲಾರ ಸೀಮೆಯ ಕ್ರೈಸ್ತ ಸಭೆಗಳಲ್ಲಿ ವಯಸ್ಸಾದ ಹೆಂಗಸೊಬ್ಬರು ತೀರಿಕೊಂಡಾಗ ತಪ್ಪದೆ ಕೇಳಿಬರುವ ಒಂದು ಹೊಗಳಿಕೆಯಿದೆ: ‘ಆಯಮ್ಮ ಒಂದು ದಿನ ಸುಮ್ಮನೆ ಕೂತವರಲ್ಲ.’ ಸಭಾಪಾಲಕರಾದ ಅಯ್ಯನವರು ಹೇಳುತ್ತಾರೆ, ನೆರೆದವರು ತಲೆದೂಗುತ್ತಾರೆ. ನಾನು ತಲೆದೂಗಲಾರೆ. ಐವತ್ತು ಅರವತ್ತು ವರ್ಷ ಒಬ್ಬ ಹೆಂಗಸಿಗೆ ಒಂದು ದಿನವೂ ಕೂರಲಿಕ್ಕೆ ಆಗಲಿಲ್ಲ ಎಂದರೆ ಅದನ್ನು ಆಕೆಯ ಪುಣ್ಯದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ, ಸುತ್ತಲಿದ್ದ ನಮ್ಮ ಪಾಪದ ಲೆಕ್ಕಕ್ಕೇ ಬರೆಯಬೇಕು. ವಾರಕ್ಕೊಮ್ಮೆ ಕೆಲಸ ನಿಲ್ಲಿಸುವ ಸಬ್ಬತ್ ದಿನವನ್ನು ಪರಿಶುದ್ಧವಾಗಿ ಇಟ್ಟುಕೊಳ್ಳಬೇಕೆಂಬುದು ಹತ್ತು ಆಜ್ಞೆಗಳಲ್ಲಿ ಒಂದು. ಮೆಥೊಡಿಸ್ಟರ ಎಣಿಕೆಯಲ್ಲಿ ಅದು ನಾಲ್ಕನೆಯದು, ಕಥೋಲಿಕರ ಎಣಿಕೆಯಲ್ಲಿ ಮೂರನೆಯದು. ಕದಿಯಬಾರದು, ಕೊಲ್ಲಬಾರದು ಎಂಬವುಗಳ ಪಕ್ಕದಲ್ಲೇ ಅದೂ ಇದೆ. ಕದ್ದವರನ್ನು ಸಮಾಧಿಯ ಮುಂದೆ ಹೊಗಳದ ನಾವು ಈ ಆಜ್ಞೆ ಮುರಿದು ಬದುಕಬೇಕಾಗಿ ಬಂದವರನ್ನು ಮಾತ್ರ ಹೊಗಳುತ್ತೇವೆ, ಹೊಗಳಿ ಉಳಿದವರಿಗೂ ಹಾಗೆಯೇ ಬದುಕಿರೆಂದು ಕಲಿಸುತ್ತೇವೆ.

ಬಿಡುವಿಲ್ಲದೆ ದುಡಿಯುವವನೇ ಒಳ್ಳೆಯವನು, ನಿಂತವನು ಸೋಮಾರಿ, ವಿಶ್ರಾಂತಿಯೇನಿದ್ದರೂ ಸಂಪಾದಿಸಿದ ಮೇಲೆ ಸಿಗುವ ಬಹುಮಾನ: ಈ ನಂಬಿಕೆ ಇವತ್ತು ಎಲ್ಲ ಕಡೆಯೂ ಗೆದ್ದಿದೆ. ಹಳೆಯ ಕೋಲಾರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಹುಟ್ಟಿದ ಉದ್ಯಮಿ ಎನ್. ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷರ ಮಾತು ಹೊರಬಿತ್ತು. ಅವರ ಲೆಕ್ಕ 90 ಗಂಟೆ; ಭಾನುವಾರವೂ ದುಡಿಸಲು ಆಗುತ್ತಿಲ್ಲವಲ್ಲ ಎಂಬ ವ್ಯಥೆ ಬೇರೆ. ದೇಶವೆಲ್ಲ ಅದನ್ನು ಟೀಕಿಸಿತು, ಸರಿ. ಆದರೆ ನಮ್ಮ ಸಭೆಯ ಜಗುಲಿಯಲ್ಲಿ ನಾನು ಕೇಳಿದ್ದು ಬೇರೆಯೇ. ‘ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಖಾಲಿ ತಲೆ ಸೈತಾನನ ಕಾರ್ಖಾನೆ ಅಂತ ಸತ್ಯವೇದವೇ ಹೇಳುತ್ತಲ್ಲ?’ ಸತ್ಯವೇದದಲ್ಲಿ ಅಂಥ ಮಾತಿಲ್ಲ. ಆದಿಕಾಂಡದಿಂದ ಪ್ರಕಟನೆಯವರೆಗೆ ಹುಡುಕಿದರೂ ಸಿಗುವುದಿಲ್ಲ.

ಅಲ್ಲಿ ಸಿಗುವುದು ಇನ್ನೊಂದು. ವಿಶ್ರಾಂತಿ ಕೇಳಿದ ಒಂದು ಇಡೀ ಜನಾಂಗವನ್ನು ಸೋಮಾರಿಗಳೆಂದು ಜರೆದ ಅರಸನೊಬ್ಬ ವಿಮೋಚನಕಾಂಡದ ಐದನೆಯ ಅಧ್ಯಾಯದಲ್ಲಿ ಇದ್ದಾನೆ. ಅವನು ಐಗುಪ್ತದ ಫರೋಹ. ಬಿಡುವು ಕೊಟ್ಟರೆ ಅರಣ್ಯದಲ್ಲಿ ಮೂರು ದಿನದ ದಾರಿ ಹೋಗಿ ನಮ್ಮ ದೇವರನ್ನು ಆರಾಧಿಸಿ ಬರುತ್ತೇವೆ ಎಂದು ಮೋಶೆಯೂ ಆರೋನನೂ ಕೇಳುತ್ತಾರೆ. ಇವರಿಗೆ ಕೆಲಸ ಸಾಲದು, ಅದಕ್ಕೇ ದೇವರ ನೆನಪು ಬರುತ್ತಿದೆ ಎನ್ನುವುದು ಫರೋಹನ ತೀರ್ಮಾನ. ಅಂದಿನಿಂದ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ. ಹುಲ್ಲನ್ನು ಅವರೇ ಆಯ್ದು ತರಬೇಕು, ದಿನದ ಇಟ್ಟಿಗೆಯ ಲೆಕ್ಕದಲ್ಲಿ ಮಾತ್ರ ಒಂದೂ ಕಡಿಮೆಯಾಗಕೂಡದು. ಲೆಕ್ಕ ತುಂಬದಿದ್ದಾಗ ಏಟು ಬಿದ್ದದ್ದು ಇಸ್ರಾಯೇಲ್ಯರೊಳಗಿಂದಲೇ ನೇಮಿಸಿದ್ದ ಮೇಸ್ತ್ರಿಗಳಿಗೆ. ಅವರು ಬಂದು ಬೈದದ್ದು ಫರೋಹನನ್ನಲ್ಲ, ಬಿಡುವು ಕೇಳಿದ ಮೋಶೆಯನ್ನು.

ಮಾಲೂರಿನವರಿಗೆ ಈ ಅಧ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು ಅದು. ಗೂಡಿನ ಕೆಲಸಕ್ಕೆ ಮುಂಗಡ ಪಡೆದು ದೂರದ ರಾಜ್ಯಗಳಿಂದ ಬರುವ ಕುಟುಂಬಗಳಿಗೆ ಕೂಲಿ ಸಿಗುವುದು ಸಾವಿರ ಇಟ್ಟಿಗೆಗೆ ಇಷ್ಟು ಎಂದು. ದಿನದ ಲೆಕ್ಕ ಅಲ್ಲಿಲ್ಲ. ಹೀಗಾಗಿ ಗಂಡ ಮಣ್ಣು ತುಳಿದರೆ ಹೆಂಡತಿ ಅಚ್ಚು ಹೊಡೆಯುತ್ತಾಳೆ, ಮಗು ಹಸಿ ಇಟ್ಟಿಗೆ ಮಗುಚುತ್ತದೆ. ನಿಲ್ಲಿ ಎಂದು ಹೇಳುವವರು ಯಾರೂ ಇಲ್ಲ, ನಿಲ್ಲಬೇಡಿ ಎನ್ನುವವರೂ ಎದುರಿಗೆ ಇರಬೇಕಾಗಿಲ್ಲ, ಮುಂಗಡದ ಲೆಕ್ಕವೇ ಅದನ್ನು ಹೇಳುತ್ತಿರುತ್ತದೆ. ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಮನುಷ್ಯನನ್ನು ಮುಂಗಡದಿಂದ ಕಟ್ಟಿಹಾಕುವುದು ಅಂದಿನಿಂದ ಅಪರಾಧ. ಮನುಷ್ಯ ತನ್ನನ್ನು ತಾನೇ ಲೆಕ್ಕಕ್ಕೆ ಕಟ್ಟಿಹಾಕಿಕೊಂಡರೆ ಅದನ್ನು ನಾವು ಶ್ರದ್ಧೆ ಎಂದು ಕರೆಯುತ್ತೇವೆ.

ಈ ಇಟ್ಟಿಗೆ ಗೂಡಿನ ಪಕ್ಕದಲ್ಲಿಟ್ಟು ಓದಿದರೇ ಸಬ್ಬತ್ತಿನ ಆಜ್ಞೆ ಏನೆಂದು ಗೊತ್ತಾಗುವುದು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯ ಅದಕ್ಕೆ ಕೊಡುವ ಕಾರಣ ಆಯಾಸವೂ ಅಲ್ಲ, ಆರೋಗ್ಯವೂ ಅಲ್ಲ. ನೀವು ಐಗುಪ್ತದಲ್ಲಿ ದಾಸರಾಗಿದ್ದಿರಿ, ನಿಮ್ಮನ್ನು ಬಿಡಿಸಿದ್ದಾಯಿತು, ಇನ್ನು ನೀವು ಯಾರನ್ನೂ ಹಾಗೆ ದುಡಿಸಬಾರದು: ಇದು ಅದರ ಕಾರಣ. ಅದಕ್ಕೇ ಆ ಆಜ್ಞೆ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರೊಳಗಿರುವ ಪರದೇಶಿ ಎಂದು ಒಬ್ಬೊಬ್ಬರನ್ನೂ ಹೆಸರಿಸುತ್ತದೆ. ಆಜ್ಞೆ ಕೊಟ್ಟಿರುವುದು ಕೆಲಸ ಮಾಡಿಸುವವನಿಗೆ. ನೀನು ದಣಿದಿದ್ದೀಯ, ಸ್ವಲ್ಪ ಸುಧಾರಿಸಿಕೋ ಎಂಬ ಉಪಚಾರದ ಮಾತಾಗಿದ್ದರೆ ಅದರಲ್ಲಿ ಎತ್ತಿನ ಹೆಸರು ಬರುತ್ತಿರಲಿಲ್ಲ.

ಇಷ್ಟು ಸ್ಪಷ್ಟವಿದ್ದರೂ ಕೋಲಾರದ ಕ್ರೈಸ್ತರು ಫರೋಹನ ಮಾತನ್ನೇ ದೇವರ ಮಾತೆಂದು ಹೇಗೆ ತಿಳಿದರು? ಇದಕ್ಕೊಂದು ಚರಿತ್ರೆಯಿದೆ, ಅದನ್ನು ನಾನು ತಿರಸ್ಕಾರದಿಂದ ನೋಡುವುದಿಲ್ಲ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ತಿಂದ ಧಾತು ಈಶ್ವರ ಬರದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಂಗಸು ಸಾಕಿದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಮುಂದೆ ಮಿಷನ್ ಕಾಂಪೌಂಡಿನಲ್ಲಿ ಶಾಲೆಗಳು ಬಂದವು, ಕೈಕೆಲಸ ಕಲಿಸುವ ಶಾಲೆ ಬಂತು, ಇವತ್ತಿಗೂ ನಡೆಯುತ್ತಿರುವ ಇ.ಟಿ.ಸಿ.ಎಂ. ಆಸ್ಪತ್ರೆ ಬಂತು. ಹಸಿವಿನಿಂದ ಉಳಿದುಬಂದ ಮಕ್ಕಳಿಗೆ ಕೆಲಸವೆಂದರೆ ಮರುಜನ್ಮ. ನಿಂತರೆ ಬರ ಮತ್ತೆ ಬಂದೀತೆಂಬ ಭಯ ಆ ತಲೆಮಾರಿನ ಮೈಯಲ್ಲಿ ಇದ್ದಿರಲೇಬೇಕು. ಊರವರು ಕೆಲಸ ಕೊಡದೆ, ನೀರು ಕೊಡದೆ ದೂರವಿಟ್ಟಿದ್ದ ಜನಕ್ಕೆ ದುಡಿಮೆಯಿಂದ ಮರ್ಯಾದೆ ಸಿಕ್ಕಿತು. ಆ ಹಿರಿಯರು ದುಡಿದು ನಮ್ಮನ್ನು ಓದಿಸಿದರು. ಆದರೆ ಭಯದಲ್ಲಿ ಹುಟ್ಟಿದ ಅಭ್ಯಾಸವನ್ನು ನಂಬಿಕೆ ಎಂದು ಮಕ್ಕಳಿಗೆ ದಾಟಿಸಿದರೆ ಅದು ನೂರೈವತ್ತು ವರ್ಷ ಕಳೆದರೂ ಭಯವೇ.

ಜಾನ್ ವೆಸ್ಲಿಯ ಹೆಸರನ್ನೂ ಇಲ್ಲಿ ಎಳೆದು ತರುತ್ತಾರೆ. ಮೆಥೊಡಿಸ್ಟ್ ಸಭೆಗಳ ಮೂಲಪುರುಷ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದದ್ದು ನಿಜ, ಅತಿ ನಿದ್ದೆಯ ವಿರುದ್ಧ ಒಂದು ಪ್ರಸಂಗವನ್ನೇ ಬರೆದದ್ದೂ ನಿಜ. ಅದನ್ನು ಹೇಳುವವರು 1777ರ ಡಿಸೆಂಬರಿನಲ್ಲಿ ಅವರು ಬರೆದ ಕಾಗದವನ್ನೂ ಹೇಳಬೇಕು. ಶಾಂತ ಮನಸ್ಸಿನಿಂದ ಮಾಡಿ ಮುಗಿಸಲಾಗದಷ್ಟು ಕೆಲಸವನ್ನು ತಾನು ಹಚ್ಚಿಕೊಳ್ಳುವುದೇ ಇಲ್ಲವೆಂದು ಅದರಲ್ಲಿ ವೆಸ್ಲಿ ಬರೆದಿದ್ದಾರೆ. ಗಾಡಿಯಲ್ಲಿ ಒಬ್ಬನೇ ಊರೂರು ತಿರುಗುವಾಗ ಏಕಾಂತಕ್ಕೆ ಗಂಟೆಗಟ್ಟಲೆ ಬಿಡುವಿರುತ್ತದೆ ಎನ್ನುವ ಅರ್ಥದ ಮಾತೂ ಅದರಲ್ಲಿದೆ. ನಮ್ಮ ಇಂದಿನ ಅಯ್ಯನವರಿಗೆ ಬೈಕಿನ ಮೇಲೆ ಆ ಏಕಾಂತವೂ ಇಲ್ಲ, ಫೋನು ಕಿವಿಗೆ ಅಂಟಿರುತ್ತದೆ.

ಕ್ರೈಸ್ತರಲ್ಲದವರು ಇದೇ ವಾದಕ್ಕೆ ಬೇರೆ ಪತಾಕೆ ಹಿಡಿಯುತ್ತಾರೆ. ‘ಕಾಯಕವೇ ಕೈಲಾಸ’ ಎಂದು ಕಚೇರಿ ಕಚೇರಿಯ ಗೋಡೆಯ ಮೇಲೆ ಬರೆಸಿದ್ದಾರೆ. ಆ ಮಾತನ್ನು ಹೇಳಿದ ಆಯ್ದಕ್ಕಿ ಮಾರಯ್ಯ ಯಾರು? ಕಲ್ಯಾಣದ ಬೀದಿಗಳಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಶರಣ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಇಡಲಿಲ್ಲ. ನಮಗೆ ಇಷ್ಟು ಬೇಡ, ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಆ ಘೋಷಣೆ ಹುಟ್ಟಿದ ಮನೆಯಲ್ಲೇ ದುಡಿಮೆಗೆ ಮಿತಿಯಿತ್ತು, ಆ ಮಿತಿಯನ್ನು ಎಳೆದವಳು ಹೆಂಗಸು. ಗೋಡೆಯ ಮೇಲೆ ಮಾರಯ್ಯನ ಮಾತನ್ನು ಬರೆಸಿ ಲಕ್ಕಮ್ಮನ ಮಾತನ್ನು ಬಿಟ್ಟವರಿಗೆ ಕಾಯಕವೂ ಬೇಕಿಲ್ಲ, ಕೈಲಾಸವೂ ಬೇಕಿಲ್ಲ.

ಲಕ್ಕಮ್ಮನ ಕತೆ ಕೇಳಿದಾಗಲೆಲ್ಲ ನನಗೆ ವಿಮೋಚನಕಾಂಡದ ಮನ್ನ ನೆನಪಾಗುತ್ತದೆ. ಅರಣ್ಯದಲ್ಲಿ ಪ್ರತಿ ಬೆಳಿಗ್ಗೆ ಅಂದಂದಿನ ಆಹಾರ ನೆಲದ ಮೇಲೆ ಸಿಗುತ್ತಿತ್ತು. ಅಂದಿಗೆ ಬೇಕಾದಷ್ಟೇ ಕೂಡಿಸಬೇಕು. ಆಸೆಪಟ್ಟು ನಾಳೆಗೆಂದು ಇಟ್ಟುಕೊಂಡದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡು ದಿನದ ಪಾಲು, ಅದು ಕೆಡುತ್ತಿರಲಿಲ್ಲ, ಏಕೆಂದರೆ ಏಳನೆಯ ದಿನ ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ. ಸಬ್ಬತ್ತನ್ನು ಜನ ಮೊದಲು ಕಲಿತದ್ದು ಇಲ್ಲಿ. ಸೀನಾಯಿ ಬೆಟ್ಟದ ಕಲ್ಲಿನ ಹಲಗೆಗಳು ಆಮೇಲೆ ಬಂದವು.

ಈಗ ನನ್ನ ವಾದಕ್ಕೆ ಇರುವ ಅತಿ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. ವಿಶ್ರಾಂತಿ ಉಳ್ಳವರ ಮಾತು, ಬಡವನಿಗೆ ಭಾನುವಾರವೆಲ್ಲಿ? ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ ಕಾಯುತ್ತದೆಯೇ? ಕಾಯುವುದಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸು 2000 ರೂಪಾಯಿ ದಾಟಿತು, ರಾತ್ರಿಯಿಡೀ ತೋಟ ಕಾಯ್ದವರಿದ್ದರು. ಬೇರೆ ವರ್ಷಗಳಲ್ಲಿ ಅದೇ ಟೊಮೆಟೊವನ್ನು ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದಿದ್ದೇವೆ. ಎರಡು ಕಾಲದಲ್ಲೂ ರೈತ ನಿದ್ದೆಗೆಟ್ಟೇ ದುಡಿದಿದ್ದ. ದುಡಿಮೆ ಹೆಚ್ಚಾದದ್ದರಿಂದ ದರ ಏರಲಿಲ್ಲ, ಕಡಿಮೆಯಾದದ್ದರಿಂದ ಬೀಳಲಿಲ್ಲ. ಬಿಡುವಿಲ್ಲದ ದುಡಿಮೆ ಬಡವನನ್ನು ಕಾಪಾಡುತ್ತದೆ ಎನ್ನುವವರು ಮಂಡಿಯ ಮುಂದೆ ನಿಂತು ಆ ಮಾತು ಹೇಳಲಿ. ಬಡತನಕ್ಕೆ ಕಾರಣ ಬೆಲೆ, ಸಾಲ, ನೀರು. ರೈತ ಮಲಗಿದ್ದು ಕಾರಣವಲ್ಲ.

ಇನ್ನೊಂದನ್ನು ಮರೆಯಬಾರದು. ಸಬ್ಬತ್ತಿನ ಆಜ್ಞೆ ಬಂದದ್ದು ಉಳ್ಳವರಿಗಲ್ಲ. ನಿನ್ನೆಯವರೆಗೆ ಇಟ್ಟಿಗೆ ಹೊಡೆಯುತ್ತಿದ್ದ, ಸ್ವಂತಕ್ಕೆ ಒಂದು ಗೇಣು ನೆಲವೂ ಇಲ್ಲದ ಜನಕ್ಕೆ. ಬಡವರಿಗೆ ಇದು ಎಟುಕದು ಎಂದು ಅವರ ಪರವಾಗಿ ಹೇಳುವವರು ಯಾವಾಗಲೂ ಬಡವರನ್ನು ದುಡಿಸಿಕೊಳ್ಳುವವರೇ ಆಗಿರುತ್ತಾರೆ. ಆಮೋಸನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಸಬ್ಬತ್ತು ಯಾವಾಗ ಮುಗಿದೀತು, ಧಾನ್ಯದ ಅಂಗಡಿ ಯಾವಾಗ ತೆರೆದೇವು ಎಂದು ಚಡಪಡಿಸುವವರು ಕೂಲಿಗಳಲ್ಲ, ಸುಳ್ಳು ತಕ್ಕಡಿಯ ವ್ಯಾಪಾರಿಗಳು. ಯೇಸು ಹೇಳಿದ ದ್ರಾಕ್ಷೇತೋಟದ ಸಾಮ್ಯದಲ್ಲಿ ಸಂಜೆ ಐದರವರೆಗೆ ಪೇಟೆಯಲ್ಲಿ ಸುಮ್ಮನೆ ನಿಂತಿದ್ದವರನ್ನು ಯಜಮಾನ ಬೈಯುವುದಿಲ್ಲ. ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಅವರು ಹೇಳಿದ್ದನ್ನು ನಂಬುತ್ತಾನೆ, ಒಂದು ಗಂಟೆಯ ಕೆಲಸಕ್ಕೆ ಇಡೀ ದಿನದ ಕೂಲಿ ಕೊಡುತ್ತಾನೆ. ‘ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು’ ಎಂಬ ಪೌಲನ ಬುದ್ಧಿಮಾತನ್ನು ಪೀಠದಿಂದ ಎಷ್ಟೋ ಸಲ ಕೇಳಿದ್ದೇವೆ. ಈ ಸಾಮ್ಯದ ಯಜಮಾನನನ್ನು ಮಾದರಿಯಾಗಿ ಇಟ್ಟು ತೋಟದ ಒಡೆಯರಿಗೆ ಬೋಧಿಸಿದ್ದನ್ನು ಎಷ್ಟು ಸಲ ಕೇಳಿದ್ದೇವೆ?

ಹಸು ಕರೆಯಲೇಬೇಕು, ಹಾಲು ಎರಡು ಹೊತ್ತೂ ಡೇರಿಗೆ ಹೋಗಲೇಬೇಕು, ಆಸ್ಪತ್ರೆಯ ವಾರ್ಡಿಗೆ ಭಾನುವಾರವಿಲ್ಲ. ಒಪ್ಪಿದೆ. ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತನ್ನು ಯಾರು ಎತ್ತದೆ ಇರುತ್ತಾರೆ ಎಂದು ಯೇಸುವೇ ಕೇಳಿದ್ದಾನೆ, ಆ ದಿನವೇ ರೋಗಿಗಳನ್ನು ಗುಣಪಡಿಸಿದ್ದಾನೆ. ಕೈಕಟ್ಟಿ ಕೂರಬೇಕೆಂಬ ಕಟ್ಟಳೆಯ ಪರವಾಗಿ ನಾನು ಬರೆಯುತ್ತಿಲ್ಲ. ಆದರೆ ಇಡೀ ವಾರವನ್ನೇ ಬಾವಿಗೆ ಬಿದ್ದ ಎತ್ತೆಂದು ಹೇಳಿಕೊಂಡು ತಿರುಗುವುದು ಸುಳ್ಳು.

ನೆಲದ ಮಾತು ಬೇರೆಯೇ ಇದೆ. ಶ್ರೀನಿವಾಸಪುರದ ಮಾವಿನ ತೋಟಗಳವರಿಗೆ ಗೊತ್ತು, ಒಂದು ವರ್ಷ ಕೊಂಬೆ ಬಗ್ಗುವಷ್ಟು ಕಾಯಿ ಹಿಡಿದ ಮರ ಮರುವರ್ಷ ಕೈಯೆತ್ತುತ್ತದೆ. ಬಾದಾಮಿ, ಬಂಗನಪಲ್ಲಿಯಂಥ ಹಲವು ಜಾತಿಗಳ ಸ್ವಭಾವವೇ ಅದು. ಹೊತ್ತ ಭಾರದಿಂದ ಸುಧಾರಿಸಿಕೊಳ್ಳಲು, ಹೊಸ ಚಿಗುರು ಬಲಿಯಲು ಮರಕ್ಕೆ ಒಂದು ವರ್ಷ ಬೇಕು. ಅದನ್ನೂ ಈಗ ಸೋಮಾರಿತನವೆಂದು ಎಣಿಸಿ, ಬುಡಕ್ಕೆ ಕಲ್ಟಾರ್ ಎಂಬ ರಾಸಾಯನಿಕ ಸುರಿದು ವರ್ಷ ವರ್ಷವೂ ಹೂ ಬಿಡಿಸುವ ದಾರಿ ಮಾವು ಬೆಳೆಯುವ ಸೀಮೆಗಳಲ್ಲಿ ಹಬ್ಬಿದೆ. ಲೆಕ್ಕ ತಪ್ಪಿ ಸುರಿದರೆ ಹೂಗೊಂಚಲು ಒತ್ತಾಗಿ ಚಿಗುರು ಗಿಡ್ಡವಾಗುತ್ತದೆ, ಮರ ಸೊರಗುತ್ತದೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ನೆಲಕ್ಕೂ ಸಬ್ಬತ್ತು ಕೊಡುತ್ತದೆ. ಏಳನೆಯ ವರ್ಷ ಬಿತ್ತಬಾರದು, ದ್ರಾಕ್ಷೇಬಳ್ಳಿ ಸವರಬಾರದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ನಮ್ಮ ಹಿಂದಿನವರು ಸಾವಿರಾರು ಕೆರೆ ಕಟ್ಟಿ, ಮಳೆಗಾಲಕ್ಕೆ ರಾಗಿ, ಆಮೇಲೆ ನೆಲಕ್ಕೆ ಬಿಡುವು ಎಂದು ಬದುಕಿದರು. ನಾವು ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆದು ವರ್ಷಕ್ಕೆ ಮೂರು ಬೆಳೆ ತೆಗೆದೆವು, ಕೆರೆಯ ಪಕ್ಕ ನೀಲಗಿರಿ ನೆಟ್ಟೆವು. ಕೊನೆಗೆ 2018ರಿಂದ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿಯಿಂದ ಪಂಪು ಮಾಡಿ ನಮ್ಮ ಕೆರೆಗಳಿಗೆ ತುಂಬಿಸಬೇಕಾಯಿತು. ನಿಲ್ಲುವುದನ್ನು ಮರೆತ ಸೀಮೆಯ ಬಾಯಾರಿಕೆ ಇದು.

ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬಂದರೆ ಇದೇ ಬಾಯಾರಿಕೆಯ ಇನ್ನೊಂದು ರೂಪ ಕಾಣುತ್ತದೆ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ ಒಡೆದರು. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಸರಿಯಾಗಿ ಬಾರದ ಸಂಬಳ, 12 ಗಂಟೆಯ ಪಾಳಿ ಅವರ ದೂರಾಗಿದ್ದವು. ಅದಾಗಿ ಎರಡು ವರ್ಷ ಕಳೆದು, 2023ರ ಫೆಬ್ರುವರಿಯಲ್ಲಿ, ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು, ದಿನದ ಪಾಳಿಯನ್ನು 12 ಗಂಟೆಗೆ ಏರಿಸಲು ದಾರಿ ಮಾಡಿತು. ನಮ್ಮ ಸಭೆಗಳ ಹುಡುಗ ಹುಡುಗಿಯರೂ ಆ ವ್ಯಾನುಗಳಲ್ಲಿ ಹೋಗುತ್ತಾರೆ. ಅವರಿಗೆ ಕೆಲಸ ಸಿಗಲೆಂದು ಪ್ರಾರ್ಥಿಸಿದ ನಾವು ಪಾಳಿಯ ಬಗ್ಗೆ ಬಾಯಿ ಬಿಡಲಿಲ್ಲ. ಭಾನುವಾರದ ರಜೆ ಮಿಷನರಿಗಳು ಕೊಟ್ಟ ಉಡುಗೊರೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಮುಂಬಯಿಯ ಗಿರಣಿಗಳಲ್ಲಿ ಅದನ್ನು ಹೋರಾಡಿ ಪಡೆದವರು ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಗಿರಣಿ ಕಾರ್ಮಿಕರನ್ನು ಕೂಡಿಸಿ ಕೇಳಲು ಶುರುಮಾಡಿದರು, ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಆರು ವರ್ಷ ಹಿಡಿಯಿತು. ಭಾನುವಾರ ಖಂಡೋಬನ ದಿನ ಎಂಬುದೂ ಅವರ ಬೇಡಿಕೆಗೆ ಒಂದು ಆಧಾರವಾಗಿತ್ತು. ನಾವು ಪವಿತ್ರವೆಂದು ಹಾಡುವ ದಿನವನ್ನು ನಮ್ಮವರಲ್ಲದ ಕೂಲಿಗಳು ಗೆದ್ದು ತಂದರು, ಅದನ್ನು ಉಳಿಸುವ ಕೆಲಸದಲ್ಲಾದರೂ ನಾವು ಅವರ ಪಕ್ಕ ನಿಲ್ಲಬೇಕಿತ್ತು.

ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದು ತೋಟದ ಮನೆಗಳಲ್ಲಿ ‘ನಿಧಾನವಾಗಿ ಬದುಕುವ’ ಪ್ಯಾಕೇಜಿಗೆ ಹಣ ಕಟ್ಟುವವರ ಬಗ್ಗೆ ಹೆಚ್ಚು ಹೇಳಲಾರೆ. ಅವರು ದಣಿದಿದ್ದಾರೆ, ಅದು ನಿಜ. ಆದರೆ ಅವರ ನಿಧಾನಕ್ಕಾಗಿ ಶನಿವಾರ ಭಾನುವಾರ ಎರಡೂ ದಿನ ಹಾಸಿಗೆ ಝಾಡಿಸಿ ಬಿರಿಯಾನಿ ಬೇಯಿಸುವ ಮುಳಬಾಗಿಲಿನ ಕಡೆಯ ಹೆಂಗಸಿಗೆ ರಜೆ ಯಾವ ದಿನ ಎಂದು ಕೇಳದಿದ್ದರೆ ಅದು ಸಬ್ಬತ್ತಲ್ಲ.

ಆ ಪ್ರಶ್ನೆಯನ್ನು ನಮ್ಮ ಮನೆಗಳಿಗೂ ಸಭೆಗಳಿಗೂ ಕೇಳಿಕೊಳ್ಳಬೇಕು. ಭಾನುವಾರವೆಂದರೆ ಗಂಡಸರಿಗೆ ಆರಾಧನೆ, ಬಾಡೂಟ, ನಿದ್ದೆ. ಹೆಂಗಸರಿಗೆ ನಸುಕಿನಲ್ಲೇ ಮಸಾಲೆ ರುಬ್ಬಿ, ಮಕ್ಕಳನ್ನು ಸಂಡೇ ಸ್ಕೂಲಿಗೆ ಹೊರಡಿಸಿ, ಆರಾಧನೆ ಮುಗಿದ ಮೇಲೆ ಸ್ತ್ರೀ ಸಮಾಜದ ಕೂಟಕ್ಕೆ ನಿಂತು, ಓಡಿ ಬಂದು ಮುದ್ದೆ ತಿರುವುವ ದಿನ. ಬೇಥಾನ್ಯದ ಮನೆಯಲ್ಲಿ ಮಾರ್ಥಳು ಅಡಿಗೆಯ ಗಡಿಬಿಡಿಯಲ್ಲಿದ್ದಾಗ ಮರಿಯಳು ಯೇಸುವಿನ ಪಾದದ ಬಳಿ ಕೂತು ಕೇಳುತ್ತಿದ್ದಳು. ಮರಿಯಳು ಆರಿಸಿಕೊಂಡದ್ದೇ ಒಳ್ಳೆಯದು, ಅದನ್ನು ಅವಳಿಂದ ಕಸಿಯಲಾಗದು ಎಂದು ಯೇಸು ಹೇಳಿದ. ಆ ವಚನಭಾಗದ ಮೇಲೆ ಪ್ರಸಂಗ ಮಾಡಿ ಇಳಿದ ಅಯ್ಯನವರಿಗೂ ಹಿರಿಯರಿಗೂ ಚಹಾ ತರಲು ಎದ್ದು ಹೋಗುವವರು ಹೆಂಗಸರೇ. ವಾರದೊಳಗೆ ಮನೆ ಪ್ರಾರ್ಥನೆ, ಉಪವಾಸ ಪ್ರಾರ್ಥನೆ, ಯೌವನಸ್ಥರ ಕೂಟ, ಗಾಯನ ಮಂಡಳಿಯ ಅಭ್ಯಾಸ. ಬಾರದವರ ನಂಬಿಕೆ ತಣ್ಣಗಾಯಿತೆಂದು ಮಾತು. ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಶಿಷ್ಯರು ಸೇವೆ ಮಾಡಿ ಬಂದಾಗ ಊಟಕ್ಕೂ ಪುರುಸೊತ್ತಿಲ್ಲದಷ್ಟು ಜನ. ಕರ್ತನು ಇನ್ನೊಂದು ಕೂಟ ಏರ್ಪಡಿಸಲಿಲ್ಲ, ಅವರನ್ನು ದೋಣಿ ಹತ್ತಿಸಿ ಏಕಾಂತಕ್ಕೆ ಕರೆದುಕೊಂಡು ಹೊರಟ. ಬಿರುಗಾಳಿಯಲ್ಲೂ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ನಿದ್ದೆ ಮಾಡಿದವನನ್ನು ನಾವು ಆರಾಧಿಸುತ್ತೇವೆ. ಲೋಕ ತನ್ನ ಎಚ್ಚರದಿಂದಲೇ ನಿಂತಿದೆ ಎಂಬ ಭ್ರಮೆ ಅವನಿಗೆ ಇರಲಿಲ್ಲ. ಆ ಭ್ರಮೆ ನಮಗಿದೆ.

ಹಾಗಾದರೆ ಮಾಡಬೇಕಾದದ್ದು ಏನು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಭೆಗಳಲ್ಲಿ ತೋಟ ಇದ್ದವರಿದ್ದಾರೆ, ಅಂಗಡಿ ಇದ್ದವರಿದ್ದಾರೆ, ಶಾಲೆ ನಡೆಸುವವರಿದ್ದಾರೆ, ಮನೆಗೆಲಸಕ್ಕೆ ಆಳು ಇಟ್ಟುಕೊಂಡವರಿದ್ದಾರೆ. ಅವರು ತಮ್ಮಲ್ಲಿ ದುಡಿಯುವವರಿಗೆ ವಾರಕ್ಕೊಂದು ದಿನ ಕೂಲಿ ಕಡಿಯದೆ ರಜೆ ಕೊಡಲಿ. ಕೂಲಿ ಕಡಿದ ರಜೆ ಉಪವಾಸದ ಇನ್ನೊಂದು ಹೆಸರು. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಬಾಗಿಲು ಹಾಕಲಿ, ಕಮಿಟಿ, ಕೂಟ ಒಂದೂ ಬೇಡ. ಅಯ್ಯನವರಿಗೂ ವಾರದಲ್ಲಿ ಒಂದು ದಿನ ಫೋನು ಮಾಡದೆ ಬಿಡಲಿ. ಭಾನುವಾರದ ಅಡಿಗೆಯನ್ನು ಗಂಡಸರು ಮಾಡಲಿ.

ದುಡ್ಡು ಎಲ್ಲಿಂದ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ, ಒಂದು ಹುಂಜಕ್ಕೆ ಪೈಪೋಟಿಯ ಮೇಲೆ ಸಾವಿರಾರು ರೂಪಾಯಿ ಕೂಗುವ ಸಭೆಗಳು ನಮ್ಮವು. ಆ ಹಣ ಬಣ್ಣ ಬಳಿಯಲು, ಮೈಕು ಕೊಳ್ಳಲು ಹೋಗುತ್ತದೆ. ಅದರಲ್ಲಿ ಒಂದು ಪಾಲು ಮಾಲೂರಿನ ಗೂಡೊಂದರಲ್ಲಿ ದುಡಿಯುವ ಕುಟುಂಬಗಳ ಭಾನುವಾರದ ಕೂಲಿಗೆ ಹೋಗಲಿ. ಅವರು ಕ್ರೈಸ್ತರಾಗಿರಬೇಕಿಲ್ಲ, ಆಜ್ಞೆಯ ಪಟ್ಟಿಯಲ್ಲಿ ಪರದೇಶಿಯ ಹೆಸರು ಇದ್ದೇ ಇದೆ. ಕೊಟ್ಟ ಮೇಲೆ ಅವರನ್ನು ಆರಾಧನೆಗೆ ಬನ್ನಿ ಎಂದು ಕರೆಯಬಾರದು, ಕರಪತ್ರ ಹಂಚಬಾರದು, ಫೋಟೋ ತೆಗೆಸಿಕೊಳ್ಳಬಾರದು, ಆ ದಿನ ಏನು ಮಾಡಿದಿರಿ ಎಂದೂ ಕೇಳಬಾರದು.